ಒತ್ತೆ ಯಾರ ಹೆಸರಿನಲ್ಲಿ?



ಕ್ರಿಪ್ಟೋ ನಾಣ್ಯವೆಂದೊಡನೆ ಬೆಲೆಯ ಏರಿಳಿತವೇ ನಿಮ್ಮ ನೆನಪಿಗೆ ಬರುತ್ತದೆ. ಇಂದು ಆ ಮಾತು ಬೇಡ. ಅದರ ಲೆಕ್ಕದ ಪುಸ್ತಕ ಬರೆಯುವವರು ಯಾರು, ಅವರನ್ನು ಆರಿಸುವುದು ಹೇಗೆ ಎಂಬುದನ್ನಷ್ಟೇ ನೋಡೋಣ.

2019ರ ಮಾರ್ಚ್‌ನಲ್ಲಿ ಆರಂಭವಾದ ಕಾಸ್ಮಾಸ್ ಹಬ್ ಎಂಬ ಜಾಲವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರ ನಾಣ್ಯದ ಹೆಸರು ಆಟಂ. ವ್ಯವಹಾರಗಳನ್ನು ಪರಿಶೀಲಿಸಿ ಸಹಿ ಹಾಕುವ ಕಂಪ್ಯೂಟರುಗಳನ್ನು ನಡೆಸುವವರಿಗೆ ವ್ಯಾಲಿಡೇಟರುಗಳೆನ್ನುತ್ತಾರೆ. ಹಗಲಿರುಳು ಯಂತ್ರ ನಡೆಸುವುದು ಎಲ್ಲರಿಂದಲೂ ಆಗದ ಮಾತು. ಆದ್ದರಿಂದ ಆಟಂ ಉಳ್ಳವರು ತಮಗೆ ಒಪ್ಪಿಗೆಯಾದ ವ್ಯಾಲಿಡೇಟರಿನ ಹೆಸರಿನಲ್ಲಿ ಅದನ್ನು ಒತ್ತೆಯಿಡುತ್ತಾರೆ. ಒಡೆತನ ಕೈಬಿಡುವುದಿಲ್ಲ. ಪ್ರತಿಫಲದಲ್ಲಿ ವ್ಯಾಲಿಡೇಟರ್ ತನ್ನ ಕಮಿಷನ್ ಮುರಿದುಕೊಂಡು ಉಳಿದದ್ದು ಒತ್ತೆಯಿಟ್ಟವರಿಗೆ.

ಹಾಗಾದರೆ ಕಮಿಷನ್ ಕಡಿಮೆ ಇರುವವರನ್ನು ಆರಿಸಿದರಾಯಿತಲ್ಲ ಎನ್ನುವಿರಿ. ಲೆಕ್ಕ ಹಾಕಿ ನೋಡಿ. 1,000 ಆಟಂಗೆ ವರ್ಷಕ್ಕೆ 100 ಆಟಂ ಪ್ರತಿಫಲ ಬಂತೆಂದು ಇಟ್ಟುಕೊಳ್ಳಿ. ಕಮಿಷನ್ ಶೇಕಡ 10 ಆದರೆ 10 ಆಟಂ ಹೋಗುತ್ತದೆ, ಶೇಕಡ 5 ಆದರೆ 5. ಉಳಿತಾಯ 5 ಆಟಂ. ಆದರೆ ವ್ಯಾಲಿಡೇಟರ್ ಒಂದೇ ಸರದಿಯಲ್ಲಿ ಎರಡು ಬೇರೆ ಬೇರೆ ಬ್ಲಾಕುಗಳಿಗೆ ಸಹಿ ಹಾಕಿಬಿಟ್ಟರೆ ನಿಮ್ಮ ಅಸಲಿನಲ್ಲೇ ಶೇಕಡ 5 ಕಡಿತ, ಅಂದರೆ 50 ಆಟಂ. ಹತ್ತು ವರ್ಷದ ಉಳಿತಾಯ ಒಂದೇ ಏಟಿಗೆ! ಇದಕ್ಕೆ ಮೋಸವೇ ಕಾರಣವಾಗಬೇಕಿಲ್ಲ. ಒಂದು ಯಂತ್ರ ಕೆಟ್ಟೀತೆಂದು ಅದೇ ಗುಪ್ತ ಕೀಲಿಯನ್ನು ಎರಡು ಯಂತ್ರಗಳಲ್ಲಿ ಓಡಿಸುವ ಅಜಾಗರೂಕತೆಯೂ ಸಾಕು. ಯಂತ್ರ ಬಹಳ ಹೊತ್ತು ಸುಮ್ಮನೆ ಬಿದ್ದಿದ್ದರೆ ಕಡಿತ ಶೇಕಡ 0.01 ಮಾತ್ರ, ಆದರೆ ಅದು ಮತ್ತೆ ಕೆಲಸಕ್ಕೆ ಮರಳುವವರೆಗೆ ಪ್ರತಿಫಲವಿಲ್ಲ. ಹೀಗಾಗಿ ಹಿಂದಿನ ಹಾಜರಾತಿಯನ್ನು ನೋಡುವುದು ಜಾಣತನ. ಇಂದಿನ ಕಡಿಮೆ ಕಮಿಷನ್ ನಾಳೆ ಏರಬಹುದು. ಅದರ ಗರಿಷ್ಠ ಮಿತಿಯನ್ನು ವ್ಯಾಲಿಡೇಟರ್ ಮೊದಲೇ ಘೋಷಿಸಿರುತ್ತದೆ, ಅದನ್ನೂ ಓದಿಕೊಳ್ಳಬೇಕು.

ಇನ್ನು ಕೆಲವರು ಪಟ್ಟಿಯ ತುದಿಯಲ್ಲಿರುವ ದೊಡ್ಡ ಹೆಸರನ್ನು ಕಣ್ಣುಮುಚ್ಚಿ ಒತ್ತುತ್ತಾರೆ. ನನಗೆ ಇದು ಅಷ್ಟು ಸರಿ ಕಾಣದು. ಈ ಜಾಲ ಮುಂದುವರಿಯಲು ಒತ್ತೆಯ ಬಲದಲ್ಲಿ ಮೂರನೆಯ ಎರಡಕ್ಕಿಂತ ಹೆಚ್ಚು ಪಾಲು ಸಹಿ ಹಾಕಬೇಕು. ಬಲವೆಲ್ಲ ಕೆಲವರಲ್ಲೇ ಸೇರಿದರೆ, ಆ ಕೆಲವರು ನಿಂತ ದಿನ ಜಾಲವೇ ನಿಲ್ಲುತ್ತದೆ.

ಒತ್ತೆ ಬಿಡಿಸಿಕೊಳ್ಳಲು 21 ದಿನ ಕಾಯಬೇಕು. ಕಾಯದೆ ನೇರವಾಗಿ ಬೇರೊಬ್ಬರಿಗೆ ವರ್ಗಾಯಿಸಬಹುದು, ಆದರೆ ಹಳೆಯ ವ್ಯಾಲಿಡೇಟರ್ ಆ ಮೊದಲೇ ಮಾಡಿದ ತಪ್ಪು ಈ ಅವಧಿಯಲ್ಲಿ ಹೊರಬಿದ್ದರೆ ಕಡಿತ ಬೆನ್ನಟ್ಟಿ ಬರುತ್ತದೆ.

ಮತದಾನದ ವಿಷಯವೂ ಇದೆ. ಜಾಲದ ನಿಯಮ ಬದಲಿಸುವ ಪ್ರಸ್ತಾಪ ಬಂದಾಗ ನೀವು ಸುಮ್ಮನಿದ್ದರೆ ನಿಮ್ಮ ಪಾಲಿನ ಮತವೂ ವ್ಯಾಲಿಡೇಟರಿನ ಮತದ ಜೊತೆಗೇ ಹೋಗುತ್ತದೆ. ನೀವೇ ಮತ ಹಾಕಿದರೆ ಅಷ್ಟು ಬಲ ಅದರಿಂದ ಕಳೆದುಹೋಗುತ್ತದೆ.