ಕೊಟ್ಟಿಗೆ, ಪಂಪುಮನೆಗಳಿಗೆ ಕಡಿಮೆ ಖರ್ಚಿನ ಕಲ್ಲುಪಾಯ

(ರೈತರ ತರಬೇತಿ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸ)



ಬೇಸಾಯಶಾಸ್ತ್ರ ಕಲಿಸುವವನು ಗೌಂಡಿ ಕೆಲಸದ ಬಗ್ಗೆ ಮಾತನಾಡಲು ನಿಂತಿದ್ದಾನಲ್ಲ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಗೋಡೆ ಗೌಂಡಿಯದು, ನಿಜ. ಆದರೆ ಪಾಯ ಕೂಡುವುದು ಮಣ್ಣಿನಲ್ಲಿ, ಮಣ್ಣು ನನ್ನ ವಿಷಯ. ಕಟ್ಟಡದ ಲೆಕ್ಕಗಳನ್ನು ಕೃಷಿ ಇಂಜಿನಿಯರಿಂಗ್ ವಿಭಾಗದ ಸಹೋದ್ಯೋಗಿಗಳಿಂದ ಕೇಳಿ ತಿಳಿದುಕೊಂಡೇ ಬಂದಿದ್ದೇನೆ.

ಇನ್ನೊಂದು ಕಾರಣವೂ ಉಂಟು. 1997ರ ಮುಂಗಾರಿನಲ್ಲಿ ನಮ್ಮ ಮನೆಯ ಕೊಟ್ಟಿಗೆಯ ಗೋಡೆ ರಾತ್ರಿ ಬಿದ್ದು ಒಂದು ಎತ್ತು ಸತ್ತಿತು. ಎರೆ ನೆಲದ ಮೇಲೆ, ಮಳೆಗೆ ಮೊದಲು ಮುಗಿಯಲೆಂದು ಅವಸರದಲ್ಲಿ, ಒಂದೂವರೆ ಅಡಿ ಪಾಯ ತೆಗೆದು ಕಟ್ಟಿದ ಗೋಡೆ ಅದು. ಮೂಲೆಯಲ್ಲಿ ಎರಡು ವರ್ಷ ಮೊದಲೇ ಬಿರುಕು ಬಂದಿತ್ತು. ಪ್ರತಿ ಬೇಸಿಗೆಯಲ್ಲಿ ಅಗಲವಾಗುತ್ತಿತ್ತು, ಮಳೆಗಾಲದಲ್ಲಿ ಕೂಡಿಕೊಳ್ಳುತ್ತಿತ್ತು. ಕೂಡಿಕೊಂಡಿತೆಂದು ನಾವು ಸುಮ್ಮನಿದ್ದೆವು. ಆ ವರ್ಷ ಎತ್ತು ಬಾಡಿಗೆಗೆ ತಂದು ಬಿತ್ತುವಷ್ಟರಲ್ಲಿ ಹದ ಆರಿಹೋಗಿತ್ತು. ಪಾಯದಲ್ಲಿ ನಾವು ಉಳಿಸಿದ್ದು ನಾಲ್ಕು ಆಳಿನ ಎರಡು ದಿನದ ಕೂಲಿ.

ಆದ್ದರಿಂದ ಮೊದಲು ನೆಲವನ್ನು ನೋಡಿರಿ. ಮಸಾರಿ ನೆಲವಾದರೆ ಹೆಚ್ಚು ಚಿಂತೆಯಿಲ್ಲ. ಎರಡರಿಂದ ಎರಡೂವರೆ ಅಡಿ ಆಳದಲ್ಲಿ ಗಟ್ಟಿ ನೆಲ ಅಥವಾ ಗರಸು ಸಿಕ್ಕಿದರೆ ಸಣ್ಣ ಕಟ್ಟಡಕ್ಕೆ ಸಾಕು. ಹಾರೆ ಹಾಕಿದರೆ ಸುಲಭವಾಗಿ ಇಳಿಯಬಾರದು.

ಎರೆ ನೆಲದ ಮಾತು ಬೇರೆ. ಅದರಲ್ಲಿರುವ ಜೇಡಿಯ ಅಂಶ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಈ ಏರಿಳಿತ ನಡೆಯುವ ಪದರದಲ್ಲಿ ಪಾಯ ಕೂಡಿಸಿದರೆ ಗೋಡೆಯೂ ಪ್ರತಿವರ್ಷ ಅದರ ಜೊತೆ ಏರಿಳಿಯುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಬಿರುಕಿನೊಳಗೆ ಉದ್ದನೆಯ ತೊಗರಿ ಕಟ್ಟಿಗೆ ಇಳಿಸಿ ನೋಡಿರಿ. ಅದು ಎಲ್ಲಿಯವರೆಗೆ ಹೋಗುವುದೋ ಪಾಯ ಅದಕ್ಕಿಂತ ಕೆಳಗಿರಬೇಕು. ಸಾಮಾನ್ಯವಾಗಿ ಇದು ಐದು ಅಡಿಯ ಲೆಕ್ಕಕ್ಕೆ ಬರುತ್ತದೆ. ನಡುವೆ ಗರಸು ಸಿಕ್ಕಿದರೆ ಅಲ್ಲಿಯೇ ನಿಲ್ಲಿಸಬಹುದು. ಪಾಯವನ್ನು ಮೂರು ಅಡಿ ಅಗಲ ತೋಡಿ, ತಳದಲ್ಲಿ ಒಂದು ಅಡಿ ಗರಸು ಅಥವಾ ದಪ್ಪ ಮರಳನ್ನು ಅರ್ಧ ಅರ್ಧ ಅಡಿಯ ಪದರಗಳಲ್ಲಿ ನೀರು ಚಿಮುಕಿಸಿ ದಿಮ್ಮಸು ಹೊಡೆಯಬೇಕು. ಕಟ್ಟಡ ಮೇಲೆ ಬಂದಂತೆ ಎರಡೂ ಬದಿಯ ಸಂದಿಗೆ ಗರಸನ್ನೇ ತುಂಬಬೇಕು. ತೋಡಿದ ಎರೆಯನ್ನೇ ಮತ್ತೆ ತುಂಬಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಎರೆಯ ಆಳ ಬಹಳ ಇದ್ದು ದೊಡ್ಡ ಕಟ್ಟಡ ಕಟ್ಟುವವರಿಗೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ರೂಪಿಸಿದ, ಬುಡದಲ್ಲಿ ಉಬ್ಬಿರುವ ಕಾಂಕ್ರೀಟ್ ಕಂಬದ ಪಾಯವಿದೆ. ಅದಕ್ಕೆ ಇಂಜಿನಿಯರರನ್ನೇ ಕೇಳಬೇಕು.

ಪಾಯ ತೋಡುವಾಗ ಮೇಲಿನ ಅರ್ಧ ಅಡಿ ಮಣ್ಣನ್ನು ಬೇರೆ ಗುಡ್ಡೆ ಹಾಕಿರಿ. ಬೇರು, ಕಸ, ಸಾವಯವ ಅಂಶ ಇರುವ ಆ ಮಣ್ಣು ಗಾರೆಗೂ ಬೇಡ, ನೆಲದ ಭರ್ತಿಗೂ ಬೇಡ. ಅದು ಕುಸಿಯುತ್ತದೆ, ಗೆದ್ದಲನ್ನೂ ಕರೆಯುತ್ತದೆ. ಅದರ ಜಾಗ ಹಿತ್ತಲ ತರಕಾರಿ ಮಡಿ.

ಕಲ್ಲಿನ ಮಾತಿಗೆ ಬರೋಣ. ಹೊಲದಲ್ಲಿ ಆರಿಸಿ ಹಾಕಿದ ಕಲ್ಲು, ಹಳೆ ಗೋಡೆಯ ಕಲ್ಲು ಎಲ್ಲವೂ ಆಗುತ್ತವೆ. ಎರಡು ಕಲ್ಲು ಬಡಿದಾಗ ಕಣಕಣ ಎನ್ನಬೇಕು. ಮೆತ್ತಗೆ ಸದ್ದು ಮಾಡುವ, ಉಗುರಿಗೆ ಪುಡಿಯಾಗುವ ಕಲ್ಲನ್ನು ಬಿಟ್ಟುಬಿಡಿ. ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ: ಬದುವಿನ ಕೋಡಿಗೆ ಹಾಸಿದ ಕಲ್ಲನ್ನು ಕೀಳಬೇಡಿ. ಕೊಟ್ಟಿಗೆಗೆ ಒಂದು ಗಾಡಿ ಕಲ್ಲು ಸಿಕ್ಕೀತು, ಮೊದಲ ದೊಡ್ಡ ಮಳೆಗೆ ಬದು ಒಡೆದು ಹೊಲದ ಮಣ್ಣು ಹಳ್ಳ ಸೇರುತ್ತದೆ.

ದೊಡ್ಡ ಕಲ್ಲು ತಳಕ್ಕೆ, ಅಗಲ ಮುಖ ಕೆಳಗೆ. ಕೆಳಗಿನ ಸಾಲಿನ ಸಂದಿಯ ಮೇಲೆ ಮೇಲಿನ ಸಾಲಿನ ಸಂದಿ ಬರಬಾರದು. ಮೂಲೆಗಳಲ್ಲಿ ಉದ್ದನೆಯ ಕಲ್ಲು ಒಂದು ಸಾಲಿಗೆ ಈ ಕಡೆ, ಇನ್ನೊಂದು ಸಾಲಿಗೆ ಆ ಕಡೆ ಹಾಯಬೇಕು. ಇವು ಎಲ್ಲ ಗೌಂಡಿಗಳಿಗೂ ಗೊತ್ತು. ಬಹಳ ಕಡೆ ತಪ್ಪುವುದು ಗೋಡೆಯ ಹೊಟ್ಟೆಯಲ್ಲಿ. ಎರಡು ಬದಿಗೆ ಅಂದವಾದ ಕಲ್ಲು ಕೂಡಿಸಿ ನಡುವೆ ಚೂರು, ಮಣ್ಣು ಸುರಿದುಬಿಡುತ್ತಾರೆ. ಹೊರಗಿನಿಂದ ನೋಡಿದರೆ ಒಂದೇ ಗೋಡೆ, ಒಳಗೆ ಬಿಡಿಬಿಡಿಯಾದ ಎರಡು ಗೋಡೆ. 1993ರ ಸೆಪ್ಟೆಂಬರ್ 30ರಂದು ನಮ್ಮ ಗಡಿಗೆ ಸಮೀಪದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಇಂತಹ ದಪ್ಪ ಗೋಡೆಗಳೇ ಎರಡು ಹೋಳಾಗಿ ಮಲಗಿದ ಜನರ ಮೇಲೆ ಬಿದ್ದವು. ಆದ್ದರಿಂದ ಎತ್ತರದಲ್ಲಿ ಪ್ರತಿ ಎರಡು ಅಡಿಗೆ, ಉದ್ದದಲ್ಲಿ ಪ್ರತಿ ನಾಲ್ಕು ಅಡಿಗೆ ಗೋಡೆಯ ಪೂರ್ತಿ ಅಗಲಕ್ಕೆ ಹಾಯುವ ಒಂದು ಕಲ್ಲು ಇರಲೇಬೇಕು. ಅಷ್ಟು ಉದ್ದದ ಕಲ್ಲು ಸಿಗದಿದ್ದರೆ ಅದೇ ಅಳತೆಯ ಕಾಂಕ್ರೀಟ್ ತುಂಡನ್ನು, ನಡುವೆ ಒಂದು ಕಬ್ಬಿಣದ ಸಲಾಕೆ ಇಟ್ಟು, ಮೊದಲೇ ಎರಕ ಹೊಯ್ದು ಇಟ್ಟುಕೊಳ್ಳಿರಿ. ಕಟ್ಟುವಾಗ ತಾವು ಪಕ್ಕದಲ್ಲೇ ನಿಂತು ಎಣಿಸಿರಿ, ಗೌಂಡಿ ಬೇಸರ ಮಾಡಿಕೊಂಡರೂ ಸರಿ. ಒಂದು ದಿನಕ್ಕೆ ಎರಡು ಅಡಿಗಿಂತ ಹೆಚ್ಚು ಎತ್ತರ ಬೇಡ.

ಈಗ ಖರ್ಚು. ಮಸಾರಿ ನೆಲದಲ್ಲಿ 30 ಅಡಿ ಉದ್ದ, 15 ಅಡಿ ಅಗಲದ ಕೊಟ್ಟಿಗೆ ಎಂದುಕೊಳ್ಳೋಣ. ಸುತ್ತಳತೆ 90 ಅಡಿ. ಎರಡು ಅಡಿ ಅಗಲ, ಎರಡೂವರೆ ಅಡಿ ಆಳ ತೋಡಿ, ತಳಕ್ಕೆ ಅರ್ಧ ಅಡಿ ಗರಸು ಬಡಿದು, ಒಂದು ಅಡಿ ಎತ್ತರ ಎರಡು ಅಡಿ ಅಗಲವಾಗಿ, ಮುಂದಿನ ಒಂದು ಅಡಿ ಒಂದೂವರೆ ಅಡಿ ಅಗಲವಾಗಿ ಕಟ್ಟಿದರೆ ನೆಲದೊಳಗೆ 315 ಘನ ಅಡಿ. ನೆಲದ ಮೇಲೆ ಒಂದೂವರೆ ಅಡಿ ಪ್ಲಿಂತ್‌ಗೆ ಸುಮಾರು 202 ಘನ ಅಡಿ. ಒಟ್ಟು ಐದು ಬ್ರಾಸಿಗೆ ಸ್ವಲ್ಪ ಹೆಚ್ಚು. ಸಂದಿ, ಒಡೆತ ಸೇರಿಸಿ ಆರೂವರೆ ಬ್ರಾಸ್ ಕಲ್ಲು ಬೇಕು. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳಿನ ಗಾರೆಯಲ್ಲಿ ಒಂದು ಬ್ರಾಸ್ ಕಟ್ಟಡಕ್ಕೆ ಸುಮಾರು ಐದು ಚೀಲ ಸಿಮೆಂಟು ಹಿಡಿಯುತ್ತದೆ. ಎಲ್ಲವನ್ನೂ ಅದರಲ್ಲೇ ಕಟ್ಟಿದರೆ 26 ಚೀಲ. ನೀರು ನಿಲ್ಲದ ಗಟ್ಟಿ ಮಸಾರಿ ನೆಲದಲ್ಲಿ, ಹಗುರ ಮಾಡಿನ ಕೊಟ್ಟಿಗೆಗೆ, ನೆಲದೊಳಗಿನ ಭಾಗವನ್ನು ಚೆನ್ನಾಗಿ ತುಳಿದು ಹದ ಮಾಡಿದ ಮಣ್ಣಿನಲ್ಲೇ ಕಟ್ಟಬಹುದು. ಆಗ ಹತ್ತು–ಹನ್ನೊಂದು ಚೀಲದಲ್ಲಿ ಕೆಲಸ ಮುಗಿಯುತ್ತದೆ. ಎರೆ ನೆಲದಲ್ಲಿ, ಕಾಲುವೆಯ ಕೆಳಗಿನ ತೇವದ ನೆಲದಲ್ಲಿ ಈ ಉಳಿತಾಯ ಮಾಡಬೇಡಿ. ಅಲ್ಲಿ ಪ್ಲಿಂತ್ ಮೇಲೆ ಸುತ್ತಲೂ ಮೂರು ಅಂಗುಲ ದಪ್ಪದ ಕಾಂಕ್ರೀಟ್ ಪಟ್ಟಿ, ಒಳಗೆ 10 ಮಿ.ಮೀ.ನ ಎರಡು ಸಲಾಕೆ ಹಾಕಿಸುವುದು ಒಳ್ಳೆಯದು.

ಕಟ್ಟಿದ ಮೇಲೆ ಪಾಯದ ಮುಖ್ಯ ಶತ್ರು ನೀರು. ಗೋಡೆಯ ಸುತ್ತ ಮೂರು ಅಡಿ ಅಗಲ ಚಪ್ಪಡಿ ಹಾಸಿ ಹೊರಕ್ಕೆ ಇಳಿಜಾರು ಕೊಡಿರಿ. ಗಂಜಲದ ಕಾಲುವೆ ನೇರವಾಗಿ ಗೊಬ್ಬರದ ಗುಂಡಿಗೆ ಹೋಗಲಿ, ಗುಂಡಿ ಗೋಡೆಗೆ ತಾಗಿಕೊಂಡಿರದಿರಲಿ. ಎರೆ ನೆಲದಲ್ಲಿ ಗೋಡೆಯ ಹತ್ತಿರ ನೀಲಗಿರಿಯಂತಹ ಮರ ಹಾಕಿದರೆ ಬೇಸಿಗೆಯಲ್ಲಿ ಅದು ಪಾಯದಡಿಯ ತೇವವನ್ನೆಲ್ಲ ಹೀರಿ ನೆಲ ಕುಗ್ಗಿಸುತ್ತದೆ.

ಈಗಾಗಲೇ ಬಿರುಕು ಬಿಟ್ಟ ಕೊಟ್ಟಿಗೆ ಇರುವವರು ಬಿರುಕಿಗೆ ಅಡ್ಡಲಾಗಿ ಸ್ವಲ್ಪ ಗಾರೆ ಬಳಿದು ತಾರೀಖು ಬರೆದಿಡಿ. ಗಾರೆ ಸೀಳಿದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದು ತಿಳಿದು, ದನಗಳನ್ನು ಆ ದಿನವೇ ಬೇರೆ ಕಡೆ ಕಟ್ಟಿರಿ.