ಕೈಲೊಂದು ಕೋಲಿದ್ದರೆ ಹತ್ತಿರ ಹೋಗೋದೇ ಬೇಡ

ಇವತ್ತಿನ ಮಾತು ಒಂದು ಕೋಲಿನ ಬಗ್ಗೆ. ನಗಬೇಡಿ. ಬೆಟ್ಟ ಹತ್ತುವಾಗ ಊರಿಕೊಳ್ಳೋಕೆ, ಮೇಲೆ ಹೋದ ಮೇಲೆ ಮೊಬೈಲ್ ಅಲುಗದ ಹಾಗೆ ಫೋಟೋ ತೆಗೆಯೋಕೆ, ಎರಡಕ್ಕೂ ಆಗೋ ಒಂದೇ ಕೋಲು. ಮನೆಯಲ್ಲೇ ಮಾಡಿಕೊಳ್ಳಬಹುದು.

ಇದು ತಲೆಗೆ ಬಂದದ್ದು ಹೇಗೆ ಅಂತ ಮೊದಲು ಹೇಳಿಬಿಡ್ತೀನಿ. ಕಳೆದ ಚಳಿಗಾಲದಲ್ಲಿ ನಾವು ಮೂರು ಜನ ಎರಡು ಬೈಕಲ್ಲಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋಗಿದ್ವಿ. ಆಂಧ್ರದ ಗಡಿ ಹತ್ತಿರದ ಜಾಗ. 798 ಎಕರೆ ಹುಲ್ಲುಗಾವಲು, ನಡುನಡುವೆ ನೀಲಗಿರಿ ಮರಗಳು. 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಅಂತ ಘೋಷಣೆ ಆಯ್ತು. ಸುರುಳಿ ಕೊಂಬಿನ ಗಂಡು ಕೃಷ್ಣಮೃಗ ಬಯಲಲ್ಲಿ ನಿಂತಿದ್ದನ್ನ ನೋಡಿದ್ರೆ ಫೋಟೋ ತೆಗೀದೆ ಇರೋಕಾಗಲ್ಲ.

ತೆಗೆದ್ವಿ. ಎಲ್ಲ ಅಲುಗಾಡಿತ್ತು. ಹತ್ತು ಪಟ್ಟು ಜೂಮ್ ಮಾಡಿದ್ರೆ ಮೃಗ ಹತ್ತು ಪಟ್ಟು ಹತ್ತಿರ ಬರುತ್ತೆ ನಿಜ, ಜೊತೆಗೆ ನಮ್ಮ ಕೈ ನಡುಕವೂ ಹತ್ತು ಪಟ್ಟು ಕಾಣುತ್ತೆ. ನನ್ನ ಗೆಳೆಯ ಏನು ಮಾಡಿದ? ಜೂಮ್ ಬಿಟ್ಟು ಹತ್ತಿರ ನಡೆದ. ಇನ್ನೊಂದು ಹತ್ತು ಹೆಜ್ಜೆ, ಮತ್ತೊಂದು ಹತ್ತು ಹೆಜ್ಜೆ. ಮೇಯ್ತಾ ಇದ್ದವು ತಲೆ ಎತ್ತಿದವು. ಒಂದು ಹಾರಿತು, ಅದರ ಹಿಂದೆ ಇಡೀ ಹಿಂಡು ಓಡಿತು. ಧೂಳು ಇಳಿದ ಮೇಲೆ ನೋಡಿದ್ರೆ, ಹುಲ್ಲಲ್ಲಿ ಒಂದು ಮರಿ ನೆಲಕ್ಕೆ ಅಂಟಿಕೊಂಡು ಮಲಗಿದೆ. ಹುಟ್ಟಿದ ಮೊದಲ ದಿನಗಳಲ್ಲಿ ಮರಿ ಓಡಲ್ಲ, ಅಲುಗಾಡದೆ ಮಲಗಿಬಿಡುತ್ತೆ. ತಾಯಿ ಓಡಿಹೋಗಿತ್ತು. ರಸ್ತೆ ಪಕ್ಕ ಎರಡು ಬೀದಿನಾಯಿ ಬೇರೆ.

ನಾವು ಹಿಂದಕ್ಕೆ ಸರಿದು ಬೈಕ್ ಹತ್ತಿರ ಬಂದು ಕೂತ್ವಿ. ನಾಯಿ ಆ ಕಡೆ ಹೋಗದ ಹಾಗೆ ನೋಡ್ಕೊಂಡ್ವಿ. ಸುಮಾರು ಮುಕ್ಕಾಲು ಗಂಟೆ. ಕೊನೆಗೆ ಒಂದು ಹೆಣ್ಣು ಸುತ್ತು ಹಾಕ್ಕೊಂಡು ವಾಪಸ್ ಬಂತು. ಅಷ್ಟು ಹೊತ್ತು ಮೂವರಲ್ಲಿ ಯಾರೂ ಮಾತಾಡಲಿಲ್ಲ.

ವಾಪಸ್ ಬರೋವಾಗ ದಾರೀಲಿ ಕುರಿ ಮೇಯಿಸ್ತಾ ಇದ್ದ ಒಬ್ಬ ತಾತ ಸಿಕ್ಕಿದ್ರು. ಕೋಲನ್ನ ಮುಂದೆ ಊರಿ, ಅದರ ತುದಿ ಮೇಲೆ ಎರಡೂ ಕೈ, ಕೈ ಮೇಲೆ ಗಲ್ಲ ಇಟ್ಟು ನಿಂತಿದ್ರು. ಶಿರಾ, ಪಾವಗಡ ಕಡೆ ಓಡಾಡಿದವರಿಗೆ ಈ ನಿಲುವು ಗೊತ್ತಿರುತ್ತೆ.

"ಏನಪ್ಪಾ, ಸಿಕ್ತಾ ಫೋಟೋ?" ಅಂದ್ರು.

"ಇಲ್ಲ ತಾತ, ಎಲ್ಲ ಅಲ್ಲಾಡ್ಬಿಟ್ಟಿದೆ" ಅಂದೆ.

"ಕೈಲೊಂದು ಕೋಲಿಲ್ದೆ ಬಯಲಿಗೆ ಬರ್ತಾರೇನಪ್ಪ?" ಅಂತ ನಕ್ಕು, ತಮ್ಮ ಕೋಲನ್ನ ನನ್ನ ಕೈಗೆ ಕೊಟ್ಟರು. ಅದರ ತುದೀಲಿ ಒಂದು ಕವಲಿತ್ತು. ಮೊಬೈಲನ್ನ ಆ ಕವಲಿಗೆ ಒರಗಿಸಿ, ದೂರದ ಬೇಲಿ ಮೇಲೆ ಕೂತಿದ್ದ ಒಂದು ಹಕ್ಕಿಯನ್ನ ಹಿಡಿದೆ. ಅವತ್ತಿನ ಫೋಟೋಗಳಲ್ಲಿ ಚೆನ್ನಾಗಿ ಬಂದಿದ್ದು ಅದೊಂದೇ.

ಇಂಗ್ಲಿಷಲ್ಲಿ ಇದಕ್ಕೆ ಶೂಟಿಂಗ್ ಸ್ಟಿಕ್ ಅಂತಾರೆ. ಬೇಟೆಗಾರರು ಬಂದೂಕಿನ ನಳಿಗೆ ಒರಗಿಸೋಕೆ ಇಟ್ಟುಕೊಳ್ತಿದ್ದ ಕೋಲು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೃಷ್ಣಮೃಗ ಮೊದಲನೇ ಪಟ್ಟಿಯಲ್ಲಿರೋ ಪ್ರಾಣಿ, ಬೇಟೆಯಾಡಿದ್ರೆ ಜೈಲು. ಹಾಗಾಗಿ ನಮ್ಮ ಶೂಟಿಂಗ್ ಏನಿದ್ರೂ ಕ್ಯಾಮೆರಾದಲ್ಲೇ. ಕೋಲಿನ ಕೆಲಸ ಮಾತ್ರ ಅದೇ: ದೂರದಲ್ಲಿ ನಿಂತು ಅಲುಗದೆ ಗುರಿ ಹಿಡಿಯೋದು.

ಈಗ ಮಾಡೋ ವಿಷಯಕ್ಕೆ ಬರೋಣ. ಮೊದಲನೇ ಮಾತು, ಕಾಡಿಂದ ಕಡೀಬೇಡಿ. ಬಿದಿರಿನ ಏಣಿ, ಬುಟ್ಟಿ ಮಾರೋ ಮೇದರ ಹತ್ತಿರ ಕೇಳಿ, ಅವರಿಗೆ ಬಿದಿರಿನ ಗುಣ ನಮಗಿಂತ ಚೆನ್ನಾಗಿ ಗೊತ್ತು. ಗಂಡು ಬಿದಿರು ಕೇಳಿ ತಗೊಳ್ಳಿ. ಒಳಗೆ ಪೊಳ್ಳು ಕಡಿಮೆ, ಗಟ್ಟಿ ಜಾಸ್ತಿ. ದಪ್ಪ ಒಂದರಿಂದ ಒಂದೂಕಾಲು ಇಂಚು ಇರಲಿ. ಅದಕ್ಕಿಂತ ದಪ್ಪ ಆದ್ರೆ ಮುಷ್ಟಿಗೆ ಸಿಗಲ್ಲ, ಸಣ್ಣ ಆದ್ರೆ ಬಾಗುತ್ತೆ. ಮೈಮೇಲೆ ಸೂಜಿ ಚುಚ್ಚಿದಂಥ ತೂತು, ಅದರಿಂದ ಬಿಳಿ ಪುಡಿ ಉದುರ್ತಾ ಇದ್ರೆ ಹುಳು ಬಿದ್ದಿದೆ ಅಂತ ಅರ್ಥ, ಬಿಟ್ಟುಬಿಡಿ. ಉದ್ದಕ್ಕೆ ಸೀಳು ಇದ್ರೂ ಬೇಡ.

ಉದ್ದ ಎಷ್ಟು? ನೆಟ್ಟಗೆ ನಿಂತಾಗ ಕೋಲಿನ ತುದಿ ನಿಮ್ಮ ಗಲ್ಲಕ್ಕೆ ಬರಬೇಕು. ಅದರ ಮೇಲೆ ಮೊಬೈಲ್ ಇಟ್ಟರೆ ಸ್ಕ್ರೀನ್ ಕಣ್ಣಿನ ಮಟ್ಟಕ್ಕೆ ಬರುತ್ತೆ. ಬೆಟ್ಟ ಇಳಿಯೋವಾಗ ಕೆಳಗಿನ ಮೆಟ್ಟಿಲಿಗೆ ಊರೋಕೂ ಈ ಉದ್ದ ಬೇಕು. ಬುಡವನ್ನ ಗೆಣ್ಣಿನ ಸ್ವಲ್ಪ ಕೆಳಗೆ ಕೊಯ್ಯಿಸಿ. ಗೆಣ್ಣು ಗಟ್ಟಿ ಇರೋದ್ರಿಂದ ಬುಡ ಸೀಳಲ್ಲ.

ಬುಡಕ್ಕೆ ಏನು ಹಾಕಬೇಕು ಅನ್ನೋದು ನೀವು ಹೋಗೋ ಜಾಗದ ಮೇಲಿದೆ. ಮಣ್ಣಿನ ದಾರಿಗೆ ಒನಕೆಗೆ ಹಾಕೋ ಥರದ ಕಬ್ಬಿಣದ ಅಣಸು ಸಾಕು. ಬಂಡೆ ಮೇಲೆ ಕಬ್ಬಿಣ ಜಾರುತ್ತೆ. ಅದಕ್ಕೆ ಮೆಡಿಕಲ್ ಶಾಪಲ್ಲಿ ಊರುಗೋಲಿಗೆ ಅಂತ ಮಾರೋ ರಬ್ಬರ್ ಬುಡ ತಂದು ಹಾಕಿ. ಮಧುಗಿರಿ, ಕೊರಟಗೆರೆ ಕಡೆ ಎಲ್ಲ ಬಂಡೆಯೇ, ಅಲ್ಲಿಗೆ ರಬ್ಬರೇ ಸರಿ. ಸವೆದ ರಬ್ಬರ್ ಕಬ್ಬಿಣಕ್ಕಿಂತ ಅಪಾಯ, ಆಗಾಗ ನೋಡ್ಕೊಳ್ಳಿ.

ತುದಿಗೆ ಎರಡು ದಾರಿ ಇದೆ. ಒಂದು, ಇಂಗ್ಲಿಷ್ ವೈ ಆಕಾರದ ಕವೆ ಕಟ್ಟಿ, ಅದಕ್ಕೆ ಹಳೇ ಸೈಕಲ್ ಟ್ಯೂಬ್ ಸುತ್ತಿ. ಮೊಬೈಲ್, ಬೈನಾಕ್ಯುಲರ್, ಕ್ಯಾಮೆರಾ ಯಾವುದನ್ನ ಬೇಕಾದ್ರೂ ಒರಗಿಸಬಹುದು. ಇನ್ನೊಂದು, ತುದಿಗೆ ಮರದ ಬಿರಡೆ ಬಡಿದು ಅದರಲ್ಲಿ ಕಾಲಿಂಚಿನ ಸ್ಕ್ರೂ ಕೂರಿಸೋದು. ಟ್ರೈಪಾಡ್‌ಗಳಲ್ಲಿ ಇರೋದೂ ಅದೇ ಅಳತೆ. ಮೊಬೈಲ್ ಹೋಲ್ಡರನ್ನ ಅದರ ಮೇಲೆ ತಿರುಗಿಸಿದ್ರೆ ಆಯ್ತು. ನಡೆಯೋವಾಗ ಹೋಲ್ಡರ್ ಬಿಚ್ಚಿ ಜೇಬಿಗೆ ಹಾಕಿ, ಸ್ಕ್ರೂ ಮೇಲೆ ಬಾಟಲಿ ಮುಚ್ಚಳ ಮುಚ್ಚಿ. ಮುಗ್ಗರಿಸಿದ್ರೆ ಕಣ್ಣಿಗೆ ತಾಗಬಾರದು ನೋಡಿ.

ಒಂದೇ ಕೋಲು ಮೇಲೆ ಕೆಳಗೆ ಅಲುಗೋದನ್ನ ನಿಲ್ಲಿಸುತ್ತೆ, ಪಕ್ಕಕ್ಕೆ ಓಲಾಡೋದನ್ನ ಪೂರ್ತಿ ನಿಲ್ಲಿಸಲ್ಲ. ಅದಕ್ಕೆ ಎರಡು ಕೋಲು ಬೇಕು. ಎರಡನ್ನೂ ತುದಿಯಿಂದ ಒಂದು ಗೇಣು ಕೆಳಗೆ ಹಗ್ಗದಲ್ಲಿ ಸ್ವಲ್ಪ ಸಡಿಲವಾಗಿ ಕಟ್ಟಿ. ಕೆಳಗಡೆ ಅಗಲಿಸಿದ್ರೆ ಮೇಲೆ ತಾನಾಗೇ ಕವಲಾಗುತ್ತೆ. ಇನ್ನೂ ಅಗಲಿಸಿದ್ರೆ ಎತ್ತರ ಇಳಿಯುತ್ತೆ, ಕೂತೂ ತೆಗೀಬಹುದು. ಮೂರನೇ ಕಾಲು ನೀವೇ. ನಡೆಯೋವಾಗ ಹಗ್ಗ ಬಿಚ್ಚಿ, ನಿಮಗೊಂದು ಕೋಲು, ಗೆಳೆಯನಿಗೊಂದು.

ತೆಗೆಯೋ ರೀತಿ: ಕೋಲಿನ ಬುಡವನ್ನ ನಿಮ್ಮ ಪಾದದ ಪಕ್ಕಕ್ಕೆ ಒತ್ತಿ, ಮೊಣಕೈ ಪಕ್ಕೆಗೆ ಅಂಟಿರಲಿ, ಉಸಿರು ಅರ್ಧ ಬಿಟ್ಟು ನಿಲ್ಲಿಸಿ. ಸ್ಕ್ರೀನ್ ಕುಟ್ಟಬೇಡಿ, ಎರಡು ಸೆಕೆಂಡಿನ ಟೈಮರ್ ಹಾಕಿ.

ಈಗ ನಮ್ಮ ನಾಲ್ಕು ತಾಲ್ಲೂಕಿಗೆ ಈ ಕೋಲು ಹಿಡ್ಕೊಂಡು ಹೋಗೋಣ.

ಮಧುಗಿರಿ ಏಕಶಿಲಾ ಬೆಟ್ಟ, 3,930 ಅಡಿ. ಮೊದಲರ್ಧಕ್ಕೆ ಕೋಲು ಬಹಳ ಉಪಯೋಗ. ಮೇಲೆ ಬಂಡೆಯಲ್ಲೇ ಕೊರೆದ ಮೆಟ್ಟಿಲು, ಹಿಡಿಯೋಕೆ ಕಂಬಿ ಬರೋ ಕಡೆ ಎರಡೂ ಕೈ ಬೇಕು. ಅಲ್ಲಿ ಕೋಲನ್ನ ಬೆನ್ನಿಗೆ ಕಟ್ಟಿ. ಅದಕ್ಕೇ ಒಂದು ದಾರ ಮೊದಲೇ ಕಟ್ಟಿಟ್ಟುಕೊಳ್ಳಿ. ಮಳೆ ಬಂದು ಬಂಡೆ ಒದ್ದೆ ಇದ್ರೆ ಯಾವ ರಬ್ಬರೂ ಕಾಪಾಡಲ್ಲ, ವಾಪಸ್ ಬನ್ನಿ.

ಕೊರಟಗೆರೆ ಸಿದ್ದರಬೆಟ್ಟಕ್ಕೆ ಹೋಗೋರು ಪೊದೆ ಇರೋ ದಾರೀಲಿ ಕೋಲನ್ನ ನೆಲಕ್ಕೆ ಕುಟ್ಕೊಂಡು, ಮಾತಾಡ್ಕೊಂಡು ನಡೀರಿ. ಈ ಬೆಟ್ಟಗಳ ಸಾಲಲ್ಲಿ ಕರಡಿಗಳಿವೆ. ನಾವು ಬರೋದು ಅದಕ್ಕೆ ಮೊದಲೇ ಗೊತ್ತಾದ್ರೆ ಅದೇ ಪಕ್ಕಕ್ಕೆ ಹೋಗುತ್ತೆ. ದಿಢೀರ್ ಎದುರಾದಾಗಲೇ ಅನಾಹುತ ಆಗೋದು. ಕೋಲು ಕೈಲಿದೆ ಅಂತ ಬೆಳಕು ಹರಿಯೋಕೆ ಮುಂಚೆ ಒಬ್ಬರೇ ಹೋಗಬೇಡಿ. ಅದು ಆಯುಧ ಅಲ್ಲ.

ಪಾವಗಡದಲ್ಲಿ ಬಿಸಿಲು. 2,050 ಮೆಗಾವಾಟ್ ಸೋಲಾರ್ ಪಾರ್ಕನ್ನ ಅಲ್ಲಿ ಕಟ್ಟಿದ್ದು ಸುಮ್ಮನೆ ಅಲ್ಲ. ಮಧ್ಯಾಹ್ನ ನೆಲದಿಂದ ಏಳೋ ಝಳಕ್ಕೆ ದೂರದ್ದೆಲ್ಲ ನೀರಲ್ಲಿ ಕಂಡ ಹಾಗೆ ಅಲುಗುತ್ತೆ. ಆ ಅಲುಗಾಟ ಗಾಳಿದು, ಕೈದಲ್ಲ. ಕೋಲು ಏನೂ ಮಾಡಲ್ಲ. ಬೆಳಿಗ್ಗೆ, ಇಲ್ಲಾಂದ್ರೆ ಸಂಜೆ ತೆಗೀರಿ.

ಕೊನೇದು ಶಿರಾ ತಾಲ್ಲೂಕಿನ ಕಗ್ಗಲಡು. ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟೋ ಊರು. ಕೆಳಗೆ ದನ, ಮನೆ, ಮಕ್ಕಳ ಆಟ; ಮೇಲೆ ಮರಿಗಳು. ಊರಿನವರ ಓಡಾಟ ಆ ಹಕ್ಕಿಗಳಿಗೆ ಅಭ್ಯಾಸ ಆಗಿದೆ. ಆದ್ರೆ ಮರದ ಬುಡಕ್ಕೇ ಹೋಗಿ ಚಪ್ಪಾಳೆ ಹೊಡೆದು, ಹಾರೋ ಹಕ್ಕಿ ರೀಲ್ಸ್ ಮಾಡೋ ನಮ್ಮಂಥವರು ಅಭ್ಯಾಸ ಇಲ್ಲ. ದೊಡ್ಡ ಹಕ್ಕಿ ಗಾಬರಿಯಿಂದ ಎದ್ದರೆ ಮರಿ ಗೂಡಿಂದ ಬೀಳಬಹುದು, ಬಿಸಿಲಿಗೆ ಮೊಟ್ಟೆ ಬೇಯಬಹುದು. ರಸ್ತೆ ಬದಿಯಲ್ಲೇ ಕೋಲು ಊರಿ ನಿಲ್ಲಿ. ಹದಿನೈದು ನಿಮಿಷ ಸುಮ್ಮನಿದ್ರೆ ಅವು ತಮ್ಮ ಪಾಡಿಗೆ ಕಡ್ಡಿ ತರುತ್ತವೆ, ಮರಿಗೆ ಮೀನು ಕಕ್ಕುತ್ತವೆ. ಓಡಿಸಿ ತೆಗೆದ ವಿಡಿಯೋದಲ್ಲಿ ಇದ್ಯಾವುದೂ ಸಿಗಲ್ಲ.

ನನ್ನ ಕೋಲು ಈಗ ಮನೆ ಬಾಗಿಲ ಹಿಂದೆ ಇದೆ. ಅದರ ಮೇಲೆ ಒಂದು ಗೆರೆ ಕೆತ್ತಿದ್ದೀನಿ, ಮೈದನಹಳ್ಳಿಯ ಆ ಮರಿಗೆ. ಹತ್ತಿರ ಹೋಗಬೇಕು ಅನ್ನಿಸಿದಾಗಲೆಲ್ಲ ಹೆಬ್ಬೆರಳಿಗೆ ಆ ಗೆರೆ ತಾಗುತ್ತೆ, ನಿಂತಲ್ಲೇ ಕೋಲು ಊರ್ತೀನಿ.

ನೀವೂ ಒಂದು ಮಾಡ್ಕೊಳ್ಳಿ.