ಎಲೆ ಉಳಿಸಿಕೊಂಡ ಶೇಂಗಾ



ನಾನು ಹುಟ್ಟಿ ಬೆಳೆದ ಊರಿನಲ್ಲಿ ಶೇಂಗಾ ಕೀಳುವ ಹೊತ್ತನ್ನು ಎಲೆ ನೋಡಿ ನಿರ್ಧರಿಸುತ್ತಿದ್ದರು. ಮುಂಗಾರಿಗೆ ಬಿತ್ತಿದ ಬೆಳೆಯಲ್ಲಿ ಭಾದ್ರಪದದ ಹೊತ್ತಿಗೆ ಬುಡದ ಎಲೆಗಳ ಮೇಲೆ ಚುಕ್ಕೆ ಏಳುತ್ತಿದ್ದವು. ಮೊದಲು ಒಂದೆರಡು, ಆಮೇಲೆ ಎಲೆ ತುಂಬ. ಮೋಡ ಮುಚ್ಚಿ ಜಿಟಿಜಿಟಿ ಮಳೆ ಹಿಡಿದರಂತೂ ಎರಡು ವಾರದಲ್ಲಿ ಹೊಲದಲ್ಲಿ ಬರೀ ಕಡ್ಡಿ ನಿಂತಿರುತ್ತಿತ್ತು. ನಮ್ಮ ಅಪ್ಪ ಬದುವಿನ ಮೇಲೆ ನಿಂತು, "ಎಲಿ ಉದುರಿದ್ವು, ಕಾಯಿ ಬಲತಾವು, ಇನ್ನ ಕೀಳೂಣು" ಎನ್ನುತ್ತಿದ್ದರು. ಪಕ್ಕದ ಹೊಲದವರೂ ಹಾಗೇ ಅನ್ನುತ್ತಿದ್ದರು. ಕೃಷಿ ಕಾಲೇಜಿನಲ್ಲಿ ಸಸ್ಯರೋಗಶಾಸ್ತ್ರದ ಪಾಠ ಕೇಳುವವರೆಗೆ ನನಗೂ ಅದೇ ನಂಬಿಕೆ ಇತ್ತು. ಅಂದು ತಿಳಿದದ್ದು ಇಷ್ಟು: ನಮ್ಮ ಊರು ತಲೆಮಾರುಗಳಿಂದ ಒಂದು ರೋಗವನ್ನೇ ಸುಗ್ಗಿಯ ಗುರುತು ಎಂದು ತಿಳಿದುಕೊಂಡಿತ್ತು.

ಈ ಉಪನ್ಯಾಸದಲ್ಲಿ ನಾನು ಹೇಳಬೇಕೆಂದಿರುವುದು ಆ ಎಲೆಯ ಕಥೆಯನ್ನು. ಶೇಂಗಾ ತಳಿ ಅಭಿವೃದ್ಧಿ ದೊಡ್ಡ ವಿಷಯ. ಬರ ತಡೆಯುವ ತಳಿ, ಎಣ್ಣೆಯ ಗುಣ, ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ, ಒಂದೊಂದಕ್ಕೂ ಒಂದೊಂದು ಉಪನ್ಯಾಸವೇ ಬೇಕು. ನನ್ನ ಜೀವಮಾನದ ಬಹುಪಾಲು ಎಲೆ ನೋಡುವುದರಲ್ಲೇ ಕಳೆದದ್ದರಿಂದ ಅಲ್ಲಿಗೇ ನಿಲ್ಲುತ್ತೇನೆ.

ರೈತರು ತಿಕ್ಕಾ ಎನ್ನುವ ಎಲೆಚುಕ್ಕೆಯಲ್ಲಿ ಎರಡು ಬಗೆ. ಮುಂಚಿತ ಎಲೆಚುಕ್ಕೆಯಲ್ಲಿ ಕಂದು ಮಚ್ಚೆಯ ಸುತ್ತ ಹಳದಿ ಬಳೆ ಕಾಣುತ್ತದೆ. ತಡವಾದ ಎಲೆಚುಕ್ಕೆ ಎಲೆಯ ಕೆಳಮೈಯಲ್ಲಿ ಇದ್ದಿಲಿನಷ್ಟು ಕಪ್ಪು. ಇವೆರಡರ ಜೊತೆಗೆ ತುಕ್ಕು ರೋಗ. ಎಲೆ ತಿರುಗಿಸಿ ಬೆರಳಾಡಿಸಿದರೆ ಕಿತ್ತಳೆ ಬಣ್ಣದ ಪುಡಿ ಅಂಟುತ್ತದೆ. ಭಾರತದಲ್ಲಿ ಈ ತುಕ್ಕು ವ್ಯಾಪಕವಾಗಿ ಹಬ್ಬಿದ್ದು 1970ರ ಆಸುಪಾಸಿನಲ್ಲಿ. ತುಕ್ಕು ಹಿಡಿದ ಎಲೆ ಒಣಗಿಯೂ ಗಿಡಕ್ಕೇ ಅಂಟಿಕೊಂಡಿರುತ್ತದೆ, ಚುಕ್ಕೆ ಹಿಡಿದ ಎಲೆ ಉದುರಿಹೋಗುತ್ತದೆ. ದೂರದಿಂದ ಹೊಲ ನೋಡಿಯೇ ಯಾವುದು ಹೆಚ್ಚಾಗಿದೆ ಎಂದು ಹೇಳಬಹುದು. ಎರಡೂ ಒಟ್ಟಿಗೆ ಬಿದ್ದ ವರ್ಷ ಅರ್ಧ ಬೆಳೆಗಿಂತ ಹೆಚ್ಚು ಹೋಗುವುದುಂಟು. ಕಾಯಿಯೊಳಗೆ ಬೀಜ ತುಂಬುವುದು, ಅದರಲ್ಲಿ ಎಣ್ಣೆ ಕೂಡುವುದು ಕೊನೆಯ ನಾಲ್ಕೈದು ವಾರಗಳಲ್ಲಿ. ಆಗಲೇ ಎಲೆ ಇಲ್ಲದಿದ್ದರೆ ಸಿಪ್ಪೆ ದೊಡ್ಡದಿದ್ದರೂ ಒಳಗೆ ಬೀಜ ಸುಕ್ಕು.

ಔಷಧಿ ಇದೆ, ನಿಜ. ಶಿಲೀಂಧ್ರನಾಶಕವನ್ನು ಎರಡು ಮೂರು ಸಲ ಸಿಂಪಡಿಸಿದರೆ ಎಲೆ ಉಳಿಯುತ್ತದೆ. ಆದರೆ ಪಾವಗಡ, ಚಳ್ಳಕೆರೆಯ ಮಳೆಯಾಶ್ರಿತ ಹೊಲದಲ್ಲಿ ಸಿಂಪರಣೆಗೆ ಬೇಕಾದ ನೀರನ್ನು ಎಲ್ಲಿಂದ ಹೊತ್ತು ತರಬೇಕು? ರೋಗ ಜೋರಾಗುವುದು ಮಳೆ ಹಿಡಿದಾಗ, ಹೊಡೆದ ಔಷಧಿ ತೊಳೆದುಹೋಗುವುದೂ ಆಗಲೇ. ಅದಕ್ಕಾಗಿ ಔಷಧಿ ಬೀಜದೊಳಗೇ ಇರಬೇಕು ಎಂಬ ಮಾತು ನಮ್ಮ ವಿಭಾಗಗಳಲ್ಲಿ ಬಲವಾಯಿತು.

ಬೀಜದೊಳಗೆ ತರುವುದು ಎಲ್ಲಿಂದ? ಕಷ್ಟ ಇರುವುದು ಇಲ್ಲಿ. ಶೇಂಗಾ ದಕ್ಷಿಣ ಅಮೆರಿಕದ ಬೆಳೆ. ಅದರ ಜೀವಕೋಶದಲ್ಲಿ 40 ವರ್ಣತಂತುಗಳಿವೆ. 20 ಅರಾಕಿಸ್ ಡುರಾನೆನ್ಸಿಸ್ ಎಂಬ ಕಾಡು ಬಳ್ಳಿಯಿಂದ, 20 ಅರಾಕಿಸ್ ಇಪಯೆನ್ಸಿಸ್ ಎಂಬ ಇನ್ನೊಂದರಿಂದ. ಈ ಎರಡು ಪೂರ್ವಜರ ಜೀನೋಮ್ 2016ರಲ್ಲಿ ಪ್ರಕಟವಾಯಿತು. ಸುಮಾರು 10,000 ವರ್ಷಗಳ ಹಿಂದೆ, ಇವೆರಡೂ ಕೂಡಿದ ಒಂದು ಅಪರೂಪದ ಸಂಕರದಿಂದಲೇ ನಾವು ತಿನ್ನುವ ಶೇಂಗಾ ಹುಟ್ಟಿತು ಎಂಬುದು ಇಂದಿನ ತಿಳಿವಳಿಕೆ. ವರ್ಣತಂತು ಇಮ್ಮಡಿಯಾದ ಮೇಲೆ ಕಾಡಿನ ಬಂಧುಗಳ ಜೊತೆ ಅದಕ್ಕೆ ಕೊಡುಕೊಳ್ಳುವಿಕೆ ನಿಂತುಹೋಯಿತು. ಹೀಗಾಗಿ ಬಸವನಗುಡಿಯ ಪರಿಷೆಯಲ್ಲಿ ರಾಶಿ ಬಿದ್ದ ಕಡಲೆಕಾಯಿ ನೋಡಲು ಎಷ್ಟು ಬಗೆಯಾಗಿದ್ದರೂ ವಂಶದಲ್ಲಿ ಬಹಳ ಹತ್ತಿರದ ದಾಯಾದಿಗಳು. ಒಬ್ಬರಿಗೆ ತಗುಲಿದ ರೋಗ ಎಲ್ಲರಿಗೂ ತಗುಲುತ್ತದೆ.

ರೋಗ ತಡೆಯುವ ಶಕ್ತಿ ಇದ್ದದ್ದು ಕಾಡಿನಲ್ಲಿ. ಬೊಲಿವಿಯಾದಲ್ಲಿ ಬೆಳೆಯುವ ಅರಾಕಿಸ್ ಕಾರ್ಡಿನಾಸಿ ಎಂಬ ಬಳ್ಳಿಯನ್ನು ತಡವಾದ ಎಲೆಚುಕ್ಕೆಯೂ ತುಕ್ಕೂ ಬಾಧಿಸುವುದಿಲ್ಲ. ಗ್ರೆಗರಿ, ಕ್ರಾಪೊವಿಕಾಸ್, ಪಿಯೆತ್ರರೆಲ್ಲಿ ಎಂಬ ಮೂವರು ಸಂಗ್ರಹಕಾರರ ಹೆಸರಿನ ಮೊದಲಕ್ಷರ ಹೊತ್ತ ಒಂದು ಮಾದರಿ, ಜಿಕೆಪಿ 10017, ಅಮೆರಿಕದ ಉತ್ತರ ಕ್ಯಾರೊಲಿನಾಕ್ಕೆ ಬಂತು. 1960ರ ದಶಕದಲ್ಲಿ ಸ್ಮಾರ್ಟ್ ಮತ್ತು ಗ್ರೆಗರಿ ಅದನ್ನು ಊರ ಶೇಂಗಾದೊಂದಿಗೆ ಕೂಡಿಸಿದರು.

ಲೆಕ್ಕ ನೋಡಿ. ಶೇಂಗಾದ 40ರಲ್ಲಿ ಅರ್ಧ 20, ಕಾಡು ಬಳ್ಳಿಯ 20ರಲ್ಲಿ ಅರ್ಧ 10, ಮಗುವಿಗೆ 30. ಜೋಡಿ ಹೊಂದದ ವರ್ಣತಂತುಗಳಿಂದಾಗಿ ಆ ಗಿಡ ಬಂಜೆ. ಅದಕ್ಕೆ ಕಾಲ್ಚಿಸಿನ್ ಎಂಬ ದ್ರವ್ಯ ಕೊಟ್ಟರೆ 30 ಇದ್ದದ್ದು 60 ಆಗುತ್ತದೆ. ನಮ್ಮ ಬೇಲಿಗಳಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಅಗ್ನಿಶಿಖೆಯ ಗಿಡದಲ್ಲೂ ಈ ಕಾಲ್ಚಿಸಿನ್ ಇದೆ. ವರ್ಣತಂತು 60 ಆದ ಮೇಲೆ ಜೋಡಿ ಸಿಕ್ಕಿತು, ಗಿಡ ಕಾಯಿ ಹಿಡಿಯಿತು. ಆ ಬೀಜವನ್ನು ತಲೆಮಾರಿನ ಮೇಲೆ ತಲೆಮಾರು ಬಿತ್ತುತ್ತ ಹೋದರೆ ಹೆಚ್ಚಿನ ವರ್ಣತಂತುಗಳು ಕಳಚಿ ಮತ್ತೆ 40ಕ್ಕೆ ಇಳಿಯುತ್ತವೆ. ಆ ನಲವತ್ತರ ಎಲ್ಲೋ ಒಂದು ಮೂಲೆಯಲ್ಲಿ ಕಾಡಿನ ಒಂದು ಚೂರು ಉಳಿದಿರುತ್ತದೆ. ಬೇಕಾದ ಚೂರೇ ಉಳಿಯಿತೇ ಎಂದು ತಿಳಿಯಲು ಆ ದಿನಗಳಲ್ಲಿ ಇದ್ದದ್ದು ಒಂದೇ ದಾರಿ: ರೋಗ ಬೀಳುವ ಹೊಲದಲ್ಲಿ ಬಿತ್ತಿ, ಕೂತು ಎಲೆ ಎಣಿಸುವುದು.

ಹೈದರಾಬಾದಿನ ಬಳಿ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆ 1976ರಲ್ಲಿ ಶೇಂಗಾವನ್ನು ಕೈಗೆತ್ತಿಕೊಂಡಿತು. ಕಾಡಿನ ರಕ್ತ ಸೇರಿದ ಸಾಲುಗಳು ಅಲ್ಲಿ ಬೆಳೆದವು. ರೋಗ ತಡೆಯುತ್ತಿದ್ದವು, ಅದರಲ್ಲಿ ಸಂಶಯವಿಲ್ಲ. ಆದರೆ ಕಾಡು ತನ್ನ ಒಳ್ಳೆಯ ಗುಣವನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಬೆಳೆ ತಡ, ಸಿಪ್ಪೆ ದಪ್ಪ, ಕಾಯಿಯ ನಡು ಗಂಟು ಹಾಕಿದಂತೆ ಸಣ್ಣ, ಕಾಯಿ ಒಡೆದರೆ ಸಿಗುವ ಬೀಜದ ಪಾಲು ಕಡಿಮೆ. ಇಂಥ ಕಾಯಿಯನ್ನು ಮಾರುಕಟ್ಟೆಗೆ ಒಯ್ದರೆ ದಲಾಲರು ಹಿಡಿ ತುಂಬ ತೆಗೆದು ಕಿವಿಯ ಬಳಿ ಅಲ್ಲಾಡಿಸಿ ಕೆಳಗಿಡುತ್ತಾರೆ. ಹಾಗೆ ಕೆಳಗಿಟ್ಟ ಕಾಯಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ರೋಗ ನಿರೋಧಕ ಎಂದು ನಮ್ಮ ವರದಿಗಳಲ್ಲಿ ಮೊದಲ ಸಾಲಿನಲ್ಲಿದ್ದ ತಳಿಗಳು ಹೊಲದಲ್ಲಿ ಕಾಲೂರದೆ ಹೋದದ್ದಕ್ಕೆ ರೈತರ ಅಜ್ಞಾನ ಕಾರಣವಲ್ಲ. ಅವರ ಲೆಕ್ಕ ಸರಿ ಇತ್ತು.

ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ಎಂ. ವಿ. ಸಿ. ಗೌಡ ಮತ್ತು ಸಂಗಡಿಗರು ಮಾಡಿದ ಕೆಲಸದ ಬೆಲೆ ಇಲ್ಲಿ ಅರ್ಥವಾಗುತ್ತದೆ. ಅವರು ಒಂದು ಕಡೆ ಕೆಆರ್‌ಜಿ-1 ತೆಗೆದುಕೊಂಡರು. ಬೇಗ ಬರುವ, ನಮ್ಮ ನೆಲಕ್ಕೆ ಹೊಂದಿದ ಗೊಂಚಲು ಶೇಂಗಾ ಅದು. ಇನ್ನೊಂದು ಕಡೆ ಸಿಎಸ್-16, ಕಾರ್ಡಿನಾಸಿಯ ಚೂರನ್ನು ಹೊತ್ತ ಸಾಲು. ಎರಡರ ಸಂಕರದಿಂದ ಆಯ್ದು ತೆಗೆದದ್ದು ಜಿಪಿಬಿಡಿ-4. ಆ ಹೆಸರಿನಲ್ಲಿ ಯಾವ ವ್ಯಕ್ತಿಯೂ ಇಲ್ಲ. ತಳಿಶಾಸ್ತ್ರ ವಿಭಾಗ ಮತ್ತು ಧಾರವಾಡದ ಇಂಗ್ಲಿಷ್ ಮೊದಲಕ್ಷರಗಳಷ್ಟೇ. ಈ ಶತಮಾನದ ಮೊದಲ ವರ್ಷಗಳಲ್ಲಿ ಅದು ರೈತರ ಕೈಗೆ ಬಂತು. ಚುಕ್ಕೆ ತಡೆಯಿತು, ತುಕ್ಕು ತಡೆಯಿತು, ಆದರೂ ಹೊತ್ತಿಗೆ ಬಂತು, ಕಾಯಿ ಕಾಯಿಯ ಹಾಗೇ ಇತ್ತು. ಕಾಡಿನಿಂದ ಬೇಕಾದದ್ದನ್ನು ಉಳಿಸಿಕೊಂಡು ಬೇಡದ್ದನ್ನು ಕಳಚಿದ ಈ ಕೆಲಸವೇ ನನ್ನ ದೃಷ್ಟಿಯಲ್ಲಿ ನಿಜವಾದ ತಳಿ ಅಭಿವೃದ್ಧಿ.

ಸಂಕರ ಎಂಬ ಮಾತನ್ನು ಸುಲಭವಾಗಿ ಆಡಿಬಿಟ್ಟೆ. ಅದನ್ನು ಕೈಯಿಂದ ಮಾಡಿದವರ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಶೇಂಗಾ ಹೂವು ಬೆಳಗಿನ ಜಾವ ಅರಳುವ ಮುನ್ನವೇ ತನ್ನೊಳಗೆ ತಾನೇ ಪರಾಗ ಸುರಿದುಕೊಳ್ಳುತ್ತದೆ. ಆದ್ದರಿಂದ ಹಿಂದಿನ ಸಂಜೆಯೇ, ನಾಳೆ ಅರಳುವ ಮೊಗ್ಗು ಯಾವುದೆಂದು ಗುರುತಿಸಿ, ದಳಗಳನ್ನು ಬಿಡಿಸಿ, ಚಿಮುಟದಿಂದ ಕೇಸರಗಳನ್ನು ಒಂದೊಂದಾಗಿ ತೆಗೆಯಬೇಕು. ಒಳಗಿನ ಎಳೆಗೆ ಪೆಟ್ಟು ಬಿದ್ದರೆ ಮುಗಿಯಿತು. ಮರುದಿನ ಬಿಸಿಲೇರುವ ಮುಂಚೆ ಇನ್ನೊಂದು ತಳಿಯ ಪರಾಗ ತಂದು ಹಚ್ಚಬೇಕು, ಆ ಗೆಣ್ಣಿಗೆ ಬಣ್ಣದ ದಾರ ಕಟ್ಟಬೇಕು. ಆಮೇಲೆ ಸೂಜಿಯಂಥ ಮೊಳೆ ಹೊರಟು ಮಣ್ಣಿಗಿಳಿಯುತ್ತದೆ. ಯಾವ ಮೊಳೆ ನಮ್ಮದು, ಯಾವುದು ಗಿಡದ್ದೇ ಎಂದು ದಾರ ನೋಡಿ ಹೇಳಬೇಕು. ಇಷ್ಟೆಲ್ಲ ಮಾಡಿ ಸಿಗುವುದು ಒಂದು ಕಾಯಿ, ಒಂದೋ ಎರಡೋ ಬೀಜ. ನಾನು ಕಂಡ ಪ್ರಾಯೋಗಿಕ ತಾಕುಗಳಲ್ಲಿ ಈ ಕೆಲಸವನ್ನು ಹೆಚ್ಚಾಗಿ ಮಾಡಿದವರು ದಿನಗೂಲಿ ಹೆಣ್ಣುಮಕ್ಕಳು. ಇಪ್ಪತ್ತು ವರ್ಷ ಚಿಮುಟ ಹಿಡಿದ ಅವರ ಬೆರಳಿಗೆ ತಿಳಿದದ್ದು ನಮ್ಮ ಎಂ.ಎಸ್‌ಸಿ. ವಿದ್ಯಾರ್ಥಿಗಳಿಗೆ ತಿಳಿಯಲು ಎರಡು ಹಂಗಾಮು ಬೇಕಾಗುತ್ತಿತ್ತು. ತಳಿಯ ಬಿಡುಗಡೆ ಪತ್ರದಲ್ಲಿ ಅವರ ಹೆಸರು ಬರುವುದಿಲ್ಲ. ಬರಬೇಕು ಎಂದು ಈ ವೇದಿಕೆಯಿಂದ ಕೇಳುತ್ತೇನೆ.

ಮುಂದಿನ ಹೆಜ್ಜೆಗೆ ಮುಂಬಯಿಯ ನಂಟಿದೆ. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದವರು ವಿಕಿರಣದಿಂದ ತಳಿ ಬದಲಿಸುವ ದಾರಿ ಹಿಡಿದಿದ್ದರು. ಗಿಡ ಗಿಡ್ಡ, ಕಾಯಿ ಹೆಚ್ಚು ಎಂಬ ಅವರ ಟಿಎಜಿ-24 ಇಳುವರಿಯಲ್ಲಿ ಹೆಸರಾಯಿತು, ಆದರೆ ರೋಗಕ್ಕೆ ಬೇಗ ತುತ್ತಾಗುತ್ತಿತ್ತು. ಅದನ್ನು ಜಿಪಿಬಿಡಿ-4ರೊಂದಿಗೆ ಕೂಡಿಸಿ, ಮಕ್ಕಳು ಮೊಮ್ಮಕ್ಕಳ ಸಾಲುಗಳನ್ನು ಬೆಳೆಸಿ, ಧಾರವಾಡ ಮತ್ತು ಇಕ್ರಿಸ್ಯಾಟ್ ಸೇರಿ ಡಿಎನ್‌ಎ ಗುರುತುಗಳನ್ನು ಹುಡುಕಿದವು. ತುಕ್ಕು ನಿರೋಧಕತೆಯ ವ್ಯತ್ಯಾಸದಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಒಂದೇ ಜಾಗದಿಂದ ಬರುತ್ತದೆ ಎಂದು 2012ರಲ್ಲಿ ಪ್ರಕಟವಾದ ಫಲಿತಾಂಶ ತೋರಿಸಿತು. ಬೊಲಿವಿಯಾದ ಚೂರು ಕೂತ ವಿಳಾಸ ಸಿಕ್ಕಂತಾಯಿತು. ಈಗ ಎಲೆ ಎಣಿಸುತ್ತ ಭಾದ್ರಪದದವರೆಗೆ ಕಾಯಬೇಕಿಲ್ಲ; ಎಳೆ ಸಸಿಯ ಎಲೆಯ ಒಂದು ತುಣುಕಿನಿಂದ ಚೂರು ಬಂದಿದೆಯೋ ಇಲ್ಲವೋ ತಿಳಿಯುತ್ತದೆ. ಇದೇ ದಾರಿಯಲ್ಲಿ ಜೆಎಲ್-24, ಟಿಎಂವಿ-2ರಂಥ ಹಳೆಯ ಮೆಚ್ಚಿನ ತಳಿಗಳಿಗೆ ಅವುಗಳ ಗುಣ ಕೆಡಿಸದೆ ನಿರೋಧಕ ಶಕ್ತಿ ಸೇರಿಸಿದರು. ಜಿಕೆಪಿ 10017ರ ವಂಶ ಇಂದು ಸುಮಾರು 30 ದೇಶಗಳ ಶೇಂಗಾದಲ್ಲಿ ಹರಿಯುತ್ತಿದೆ ಎಂದು 2021ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಆ ಮಾದರಿಯನ್ನು ಸಂಗ್ರಹಿಸಿದ್ದು ಬೀಜ ದೇಶದಿಂದ ದೇಶಕ್ಕೆ ಬಿಡುಬೀಸಾಗಿ ಓಡಾಡುತ್ತಿದ್ದ ಕಾಲದಲ್ಲಿ. ಇಂದಿನ ಒಪ್ಪಂದ, ಪರವಾನಗಿಗಳ ನಡುವೆ ಅಂಥ ಒಂದು ಮಾದರಿ ಧಾರವಾಡಕ್ಕೆ ಇಷ್ಟು ಸಲೀಸಾಗಿ ಬರುತ್ತಿತ್ತೇ ಎಂಬ ಆತಂಕ ನನಗಿದೆ.

ಟಿಎಂವಿ-2 ಎಂದೆ. ತಮಿಳುನಾಡಿನ ತಿಂಡಿವನಂನಿಂದ ಅದು ಬಿಡುಗಡೆಯಾದದ್ದು 1940ರಲ್ಲಿ, ಸ್ವಾತಂತ್ರ್ಯಕ್ಕೂ 7 ವರ್ಷ ಮುಂಚೆ. ಇಷ್ಟು ತಳಿ ಬಂದ ಮೇಲೂ ನಮ್ಮ ಹೊಲಗಳಲ್ಲಿ ಅದು ದಶಕಗಟ್ಟಲೆ ಉಳಿಯಿತು. ಏಕೆ? ಶೇಂಗಾ ಬೀಜದ ಗುಣವೇ ಹಾಗಿದೆ. ಜೋಳವಾದರೆ ಎಕರೆಗೆ 3 ಕೆ.ಜಿ. ಬೀಜ ಸಾಕು, ಒಂದು ಎಕರೆಯ ಬೆಳೆ ನೂರಾರು ಎಕರೆಗೆ ಬೀಜವಾಗುತ್ತದೆ. ಶೇಂಗಾಕ್ಕೆ ಎಕರೆಗೆ ಸುಮಾರು 75 ಕೆ.ಜಿ. ಕಾಯಿ ಬೇಕು, ಬರುವ ಇಳುವರಿ ಅದರ ಹತ್ತು ಪಟ್ಟು ಎಂದುಕೊಳ್ಳೋಣ. ತಳಿ ವರ್ಧಕ ಬೀಜ 1 ಕ್ವಿಂಟಲ್ ಇದ್ದರೆ, ಒಂದು ಕಾಯಿಯನ್ನೂ ತಿನ್ನದೆ ಮಾರದೆ ಮೂರು ಹಂಗಾಮು ಬಿತ್ತಿದ ಮೇಲೆ 1,000 ಕ್ವಿಂಟಲ್. ಅದು ಸಾಲುವುದು 1,300 ಎಕರೆಗೆ. ಮೂರರಲ್ಲಿ ಒಂದು ಹಂಗಾಮು ಮಳೆ ಕೈಕೊಟ್ಟರೆ ಆ ಲೆಕ್ಕವೂ ಇಲ್ಲ. ಭಾರ ಹೆಚ್ಚು, ಸಾಗಣೆ ದುಬಾರಿ, ಇಟ್ಟರೆ ಮೊಳಕೆ ಶಕ್ತಿ ಬೇಗ ಇಳಿಯುತ್ತದೆ. ರೈತ ಪ್ರತಿ ವರ್ಷ ಕೊಳ್ಳುವುದಿಲ್ಲವಾದ್ದರಿಂದ ಬೀಜ ಕಂಪನಿಗಳಿಗೂ ಆಸಕ್ತಿ ಕಡಿಮೆ. ತಳಿ ಬಿಡುಗಡೆಯಾದ ದಿನ ನಾವು ಚಪ್ಪಾಳೆ ತಟ್ಟಿ ಮುಂದಿನ ಸಂಕರಕ್ಕೆ ಹೋಗಿಬಿಡುತ್ತೇವೆ. ನಾನೂ ಹೋದೆ. ಬೀಜ ಹೆಚ್ಚಿಸುವ ಕೆಲಸವನ್ನು ತಳಿ ಅಭಿವೃದ್ಧಿಯ ಭಾಗವೆಂದೇ ನಾವು ಎಣಿಸಬೇಕಿತ್ತು. ಊರೂರಿನ ನಾಲ್ವರು ರೈತರಿಗೆ ಅರ್ಧರ್ಧ ಎಕರೆ ಬೀಜ ಕೊಟ್ಟು, ಅವರಿಂದ ಊರಿಗೆ ಹಂಚಿಸುವ ಕೆಲಸ ನಡೆದ ಕಡೆಗಳಲ್ಲೆಲ್ಲ ಹೊಸ ತಳಿ ನೆಲೆ ನಿಂತದ್ದನ್ನು ನೋಡಿದ್ದೇನೆ.

ಅಂಥ ಒಂದು ಊರಿನ ಪ್ರಸಂಗ ಹೇಳಿ ಮುಗಿಸುತ್ತೇನೆ. ಗದಗ ಜಿಲ್ಲೆಯ ಒಂದು ಹೊಲ. ರೋಗ ತಡೆಯುವ ತಳಿಯ ಮೊದಲ ಬೆಳೆ. ನೂರು ದಿನ ದಾಟಿತ್ತು, ಎಲೆ ದಟ್ಟ ಹಸಿರಾಗಿತ್ತು. ನನಗೆ ಹೆಮ್ಮೆಯೋ ಹೆಮ್ಮೆ. ಹೊಲದ ಯಜಮಾನರು ಮಾತ್ರ ಮುಖ ಸಣ್ಣದು ಮಾಡಿ ಕೂತಿದ್ದರು. "ಸರ್, ಬಾಜೂದವ್ರೆಲ್ಲ ಕಿತ್ತು ಮುಗಿಸ್ಯಾರ. ನಮ್ಮದು ಇನ್ನೂ ಎಲಿ ಉದುರವಲ್ದು. ಇದು ಬಲಿಯೂದು ಯಾವಾಗ?" ಎಂದರು. ನನಗೆ ಅಪ್ಪ ನೆನಪಾದರು. ಎಲೆ ಉಳಿಸಲು ಅಷ್ಟು ವರ್ಷ ದುಡಿದ ನಾವು, ಎಲೆ ಉಳಿದರೆ ಕೀಳುವ ಹೊತ್ತನ್ನು ಹೇಗೆ ಗುರುತಿಸಬೇಕೆಂದು ಅವರಿಗೆ ಹೇಳಿಕೊಟ್ಟಿರಲಿಲ್ಲ. ಗೊಂಚಲು ಶೇಂಗಾಕ್ಕೆ ಸುಪ್ತಾವಸ್ಥೆ ಇಲ್ಲ. ತಡಮಾಡಿದಾಗ ಮಳೆ ಬಂದರೆ ಕಾಯಿ ಮಣ್ಣಿನೊಳಗೇ ಮೊಳೆಯುತ್ತದೆ. ಇನ್ನೊಂದು ವಾರ ಕಾದಿದ್ದರೆ ಅವರು ಬೆಳೆ ಕಳೆದುಕೊಳ್ಳುತ್ತಿದ್ದರು, ತಪ್ಪು ನಮ್ಮದಾಗುತ್ತಿತ್ತು.

ಒಂದು ಗಿಡ ಕಿತ್ತೆ. ನಾಲ್ಕು ಕಾಯಿ ಒಡೆದು ಸಿಪ್ಪೆಯ ಒಳಗೋಡೆ ತೋರಿಸಿದೆ: ಎಳೆಯದಾದರೆ ಬೆಳ್ಳಗೆ, ಬಲಿತಿದ್ದರೆ ಒಳಗೆ ಕಪ್ಪು ಕಲೆ. ನಾಲ್ಕರಲ್ಲಿ ಮೂರು ಕಪ್ಪಾಗಿದ್ದವು. ಅಷ್ಟರಲ್ಲಿ ಅವರ ತಾಯಿ ಬಂದು, ಕಿತ್ತ ಗಿಡವನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಕಾಯಿಯ ಕಡೆ ಅವರ ಗಮನ ಇರಲಿಲ್ಲ. ಎಲೆ ಸಮೇತ ಆ ಬಳ್ಳಿಯನ್ನು ಒಯ್ದು ಎಮ್ಮೆಯ ಮುಂದೆ ಹಾಕಿದರು. ಎಮ್ಮೆ ಬಾಯಿ ಹಾಕಿತು. "ಈ ವರ್ಷ ಹೊಟ್ಟು ಕೊಳ್ಳೂದಿಲ್ಲ ನೋಡಪಾ," ಎಂದು ಮಗನಿಗೆ ಹೇಳಿ, "ಬೀಜಕ್ಕಂತ ಎರಡು ಚೀಲ ಬ್ಯಾರೆ ತಗದಿಡು" ಎಂದರು.